ಬಗ್ಗದೆ ಕಸ ಹೊಡೆಯುವುದು ಹೇಗೆ?

ಅಂಗವಿಕಲರಿಗೆ, ಹಿರಿಯರಿಗೆ ಸಾಧನ ಸಲಕರಣೆ ಹಂಚುವ ಶಿಬಿರ ನಡೆದಾಗ ಶಾಮಿಯಾನದ ಪಕ್ಕ ಏನೇನು ಸಾಲಾಗಿ ನಿಂತಿರುತ್ತದೆ ಎಂಬುದು ನಮ್ಮ ವಿಜಯನಗರ ಜಿಲ್ಲೆಯ ಕೂಡ್ಲಿಗಿಯವರಿಗೂ ಗೊತ್ತು, ಹಡಗಲಿಯವರಿಗೂ ಗೊತ್ತು. ತ್ರಿಚಕ್ರ ಸೈಕಲ್ಲು, ಗಾಲಿಕುರ್ಚಿ, ಊರುಗೋಲು, ಕಿವಿ ಮೆಷಿನ್ನು, ಕನ್ನಡಕ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ನಡೆದಿದೆ. ಬಡ ಹಿರಿಯರಿಗೆಂದು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಬಂತು. ಎರಡಕ್ಕೂ ಕಾನ್ಪುರದ ಅಲಿಮ್ಕೊ ಕಾರ್ಖಾನೆಯ ಸಾಮಾನು ಬರುತ್ತದೆ. ಮನೆಯಿಂದ ಹೊರಗೆ ಹೋಗುವುದಕ್ಕೆ ಬೇಕಾದದ್ದು ಆ ಪಟ್ಟಿಯಲ್ಲಿದೆ, ನೋಡುವುದಕ್ಕೆ ಕೇಳುವುದಕ್ಕೆ ಬೇಕಾದದ್ದೂ ಇದೆ. ಮನೆಯೊಳಗೆ ಉಳಿದವರು ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸಕ್ಕೆ, ಅಂದರೆ ಕಸ ಹೊಡೆಯುವುದಕ್ಕೆ, ನೆಲ ಒರೆಸುವುದಕ್ಕೆ ಒಂದು ಕಡ್ಡಿಯೂ ಇಲ್ಲ.

ಇದನ್ನು ನಮ್ಮ ಸರ್ಕಾರವೊಂದರ ತಲೆಗೇ ಕಟ್ಟುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಆದ್ಯತೆಯ ಸಹಾಯಕ ಸಾಧನಗಳ ಪಟ್ಟಿಯೊಂದನ್ನು ಹೊರಡಿಸಿತು. ಅದರಲ್ಲಿ 50 ವಸ್ತುಗಳು. ಸ್ನಾನದ ಕುರ್ಚಿ, ಗೋಡೆಯ ಹಿಡಿಕಂಬಿ, ಮಾತಾಡುವ ಗಡಿಯಾರ, ಮಾತ್ರೆ ಡಬ್ಬಿ ಎಲ್ಲವೂ ಇವೆ. ಕಸಬರಿಗೆ ಅಲ್ಲೂ ಇಲ್ಲ. ಇಂಥ ಸಾಧನಗಳನ್ನು ವರ್ಗ ಮಾಡುವ ಐಎಸ್‌ಒ 9999 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮಾತ್ರ ಮನೆಗೆಲಸಕ್ಕೆ ಪ್ರತ್ಯೇಕ ವರ್ಗವಿದೆ, ಅದರೊಳಗೆ ಮನೆ ಚೊಕ್ಕಟ ಮಾಡುವ ಸಾಧನಗಳಿಗೆ ಒಂದು ಮನೆಯೂ ಇದೆ. ಕಾಗದದ ಮೇಲೆ ಜಾಗ ಉಂಟು, ಶಾಮಿಯಾನದ ಪಕ್ಕ ಇಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆಯ ಕಸ ಹೊಡೆಯುವುದು ಹೆಂಗಸರ ಕೆಲಸ, ಹೆಂಗಸರ ಕೆಲಸಕ್ಕೆ ಕೂಲಿಯಿಲ್ಲ, ಕೂಲಿಯಿಲ್ಲದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕೇಂದ್ರದ ಅಂಕಿಅಂಶ ಇಲಾಖೆ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಸತ್ಯಕ್ಕನಂಥ ವಚನಕಾರ್ತಿಯನ್ನು 12ನೇ ಶತಮಾನದಲ್ಲೇ ಕಂಡ ನಾಡು ನಮ್ಮದು. ಆದರೂ ಪೊರಕೆ ಹಿಡಿದ ಕೈ ನೋಯುತ್ತದೆಯೇ ಎಂದು ಕೇಳುವ ಇಲಾಖೆ ಇನ್ನೂ ಹುಟ್ಟಿಲ್ಲ.

ಸೊಸೆ ಇದ್ದಾಳಲ್ಲ, ಮೊಮ್ಮಗಳು ಇದ್ದಾಳಲ್ಲ ಎನ್ನುವವರು ಸುಗ್ಗಿ ಮುಗಿದ ಮೇಲೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಳ್ಳಿಗಳಿಗೆ ಹೋಗಿ ನೋಡಬೇಕು. ದುಡಿಯುವವರು ಕಾಫಿ ಸೀಮೆಗೋ ಬೆಂಗಳೂರಿಗೋ ಗುಳೆ ಹೋಗಿರುತ್ತಾರೆ. ಮನೆ ಕಾಯಲು, ದನ ಕಾಯಲು, ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮುದುಕರು ಉಳಿದಿರುತ್ತಾರೆ. ದೇವದಾಸಿ ಪದ್ಧತಿ 1982ರ ಕಾಯ್ದೆಯಲ್ಲಿ ನಿಷೇಧವಾಯಿತು. ಅದಕ್ಕೆ ಮೊದಲೇ ಮುತ್ತು ಕಟ್ಟಿಸಿಕೊಂಡು, ಈಗ ಮುಪ್ಪಿನಲ್ಲಿ ಒಬ್ಬರೇ ಇರುವ ಹೆಂಗಸರೂ ಈ ಸೀಮೆಯಲ್ಲಿದ್ದಾರೆ. ಮುಂಬೈಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ ದೇಶದುದ್ದಕ್ಕೂ ನಡೆಸಿದ ವೃದ್ಧಾಪ್ಯ ಅಧ್ಯಯನದಲ್ಲಿ, 60 ದಾಟಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಅಡುಗೆ, ಸಂತೆ, ಮನೆಗೆಲಸದಂಥ ನಿತ್ಯದ ಕೆಲಸಗಳಲ್ಲಿ ಒಂದಾದರೂ ಕಷ್ಟ ಎಂದಿದ್ದರು. ನಮ್ಮ ಕಡೆ ಅದನ್ನು ಹೇಳುವ ರೀತಿ ಚಿಕ್ಕದು: “ಬಗ್ಗಿದ್ರೆ ಏಳಾಕಾಗಲ್ಲ, ಎದ್ರೆ ಬಗ್ಗಾಕಾಗಲ್ಲ.”

ಸಾಧನ ರೂಪಿಸುವವರು ಈ ಮಾತಿನಿಂದ ಶುರುಮಾಡಬೇಕು. ಆದರೆ ಶುರುವಾಗುವುದು ಬೇರೆ ಕಡೆಯಿಂದ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ನೆಲ ಗುಡಿಸುವ ರೋಬಾಟು ಒಂದಾದರೂ ಇದ್ದೇ ಇರುತ್ತದೆ. ನಾಲ್ಕು ಗಾಲಿ, ಒಂದು ಮೋಟಾರು, ಎದುರಿಗೆ ಗೋಡೆ ಬಂದರೆ ತಿರುಗಿಸುವ ಸೆನ್ಸರು. ಪ್ರಯೋಗಾಲಯದ ಟೈಲ್ಸ್ ಮೇಲೆ ಚೆನ್ನಾಗಿ ಓಡುತ್ತದೆ. ಮಾರುಕಟ್ಟೆಯಲ್ಲೂ ಇಂಥವು 2001–02ರಿಂದ ಇವೆ. ಸ್ವೀಡನ್ನಿನ ಇಲೆಕ್ಟ್ರೋಲಕ್ಸ್ ಮೊದಲು ತಂದಿತು, ಮರುವರ್ಷ ಅಮೆರಿಕದ ರೂಂಬಾ ಬಂತು. ಸಾಮಾನ್ಯವಾಗಿ ಅವು ದಾಟಬಲ್ಲ ಎತ್ತರ ಎರಡು ಸೆಂಟಿಮೀಟರಿನ ಆಸುಪಾಸು. ಕೊಟ್ಟೂರಿನ ಹಳೇ ಮನೆಯ ಹೊಸ್ತಿಲು ಗೇಣುದ್ದ ಇರುತ್ತದೆ.

ಆ ಮನೆಯನ್ನು ಒಮ್ಮೆ ಒಳಹೊಕ್ಕು ನೋಡೋಣ. ಹೊರಗೆ ಕಟ್ಟೆ, ದಾಟಿದರೆ ಹೊಸ್ತಿಲು. ಬಾಗಿಲ ಒಳಗೆ ಎಷ್ಟೋ ಕಡೆ ಮೊದಲು ದನ ಕಟ್ಟುವ ಜಾಗ, ಗ್ವಾದಲಿ. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ಕತ್ತಲೆಯ ಅಡುಗೆಮನೆ, ಮೂಲೆಯಲ್ಲಿ ಬಚ್ಚಲು. ನೆಲ ಒಂದು ಕಡೆ ಬಂಡೆ, ಒಂದು ಕಡೆ ಸಗಣಿ ಸಾರಿಸಿದ ಮಣ್ಣು, ಮಗ ದುಡ್ಡು ಕಳಿಸಿದ ವರ್ಷ ಹಾಕಿಸಿದ ಟೈಲ್ಸ್ ಇನ್ನೊಂದು ಕಡೆ. ಮೇಲೆ ಮಣ್ಣಿನ ಮಾಳಿಗೆಯಾದರೆ ಕಸ ಹೊಡೆದು ಮುಗಿಸುವಷ್ಟರಲ್ಲಿ ಜಂತೆಯಿಂದ ಮತ್ತೆ ಮಣ್ಣು ಉದುರಿರುತ್ತದೆ. ಆಷಾಢದ ಗಾಳಿಗೆ ಹೊಲದ ಕೆಂಪು ಧೂಳು, ಸುಗ್ಗಿಯಲ್ಲಿ ಮೆಕ್ಕೆಜೋಳದ ಸಿಪ್ಪೆ, ಶೇಂಗಾ ಹೊಟ್ಟು, ಹುಣಸೆಹಣ್ಣು ಕುಟ್ಟುವ ಕಾಲಕ್ಕೆ ಅಂಟು ಕಸ. ಕೊಟ್ಟೂರ ತೇರೋ ಮೈಲಾರದ ಜಾತ್ರೆಯೋ ಹತ್ತಿರ ಬಂತೆಂದರೆ ನೆಂಟರು ಬರುವ ಮೊದಲು ಮನೆಯೆಲ್ಲ ತೊಳೆಯಬೇಕು. ಇಂಥ ಕಡೆ ರೋಬಾಟನ್ನು ಬಿಟ್ಟರೆ ಅದನ್ನು ಎತ್ತಿ ಹೊಸ್ತಿಲು ದಾಟಿಸಲು ಒಬ್ಬ ಆಳು ಬೇಕು, ಅವನೇ ಕಸವನ್ನೂ ಹೊಡೆದು ಹೋಗಬಹುದು. ಬೆಲೆಯನ್ನೂ ನೋಡಿ. ಸಂಧ್ಯಾ ಸುರಕ್ಷಾ ಪಿಂಚಣಿ 2021ರ ಜುಲೈಯಲ್ಲಿ ಘೋಷಣೆಯಾದ ಏರಿಕೆಯ ನಂತರ ತಿಂಗಳಿಗೆ 1,200 ರೂಪಾಯಿ ಆಯಿತು. ಎಷ್ಟೋ ರೋಬಾಟುಗಳಿಗೆ ಒಂದು ವರ್ಷದ ಪಿಂಚಣಿಯೂ ಸಾಲದು.

ನಾನು ಯಂತ್ರದ ವಿರೋಧಿಯಲ್ಲ. ನಾವಿಂದು ವ್ಯಾಕ್ಯೂಂ ಕ್ಲೀನರ್ ಎನ್ನುವ, ಕೈಯಲ್ಲಿ ಹಿಡಿದು ನಿಂತೇ ತಳ್ಳಬಹುದಾದ ಯಂತ್ರವನ್ನು ಮಾಡಿದವನು ಒಬ್ಬ ರೋಗಿ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಜೇಮ್ಸ್ ಮರೆ ಸ್ಪ್ಯಾಂಗ್ಲರ್ ಎಂಬಾತ ಅಂಗಡಿಯೊಂದರ ಜಾಡಮಾಲಿಯಾಗಿದ್ದ, ಆತನಿಗೆ ಉಬ್ಬಸ. ಗುಡಿಸಿದಾಗ ಏಳುವ ಧೂಳೇ ಕಾರಣವೆಂದು ಅನುಮಾನ ಬಂದು ಫ್ಯಾನಿನ ಮೋಟಾರು, ಸಾಬೂನಿನ ಪೆಟ್ಟಿಗೆ, ಪೊರಕೆಯ ಹಿಡಿ, ದಿಂಬಿನ ಚೀಲ ಕೂಡಿಸಿ ಧೂಳನ್ನು ಎಳೆದುಕೊಳ್ಳುವ ಸಾಧನ ಕಟ್ಟಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು, ಅದನ್ನು ಕೊಂಡವರು ಹೂವರ್ ಕುಟುಂಬದವರು. ಆತ ತನ್ನ ಎದೆಯ ತೊಂದರೆಯಿಂದ ಹೊರಟ, ತಾನು ಗುಡಿಸುವ ನೆಲವನ್ನು ಬಲ್ಲವನಾಗಿದ್ದ, ಕೈಗೆ ಸಿಕ್ಕ ಸಾಮಾನಿನಿಂದ ಕಟ್ಟಿದ. ಈ ಮೂರರಲ್ಲಿ ಒಂದೂ ನಮ್ಮ ಪ್ರಾಜೆಕ್ಟ್ ರೋಬಾಟಿನಲ್ಲಿ ಇಲ್ಲ ಎಂಬುದಷ್ಟೇ ನನ್ನ ತಕರಾರು.

ಹಾಗಾದರೆ ಕೈಗೆ ಸಿಗುವುದರಿಂದ ಏನು ಮಾಡಬಹುದು? ಕಸಬರಿಗೆಯಿಂದಲೇ ತೊಡಗೋಣ.

ಈಚಲು ಗರಿಯದೋ ಹುಲ್ಲಿನದೋ, ನಮ್ಮ ಕಸಬರಿಗೆ ಗಿಡ್ಡ. ಸೊಂಟ ಬಗ್ಗಿಸಿ, ಎಡಗೈಯನ್ನು ಬೆನ್ನಿಗೋ ತೊಡೆಗೋ ಊರಿ ಗುಡಿಸಬೇಕು. ಹಾಗೆ ಬಗ್ಗಿದಾಗ ತಲೆ, ತೋಳು, ಮುಂಡ ಸೇರಿ ಮೈಯ ಅರ್ಧಕ್ಕಿಂತ ಹೆಚ್ಚಿನ ಭಾರ ಸೊಂಟದ ಮುಂದಕ್ಕೆ ತೂಗುತ್ತದೆ. ಅದನ್ನು ಹಿಡಿದಿಡುವುದು ಬೆನ್ನುಮೂಳೆಗೆ ಅಂಟಿಕೊಂಡ ಸ್ನಾಯುಗಳು. ಅವಕ್ಕೆ ಸಿಗುವ ಸನ್ನೆಯ ಉದ್ದ ತೀರಾ ಕಡಿಮೆ, ಹೀಗಾಗಿ ಮೂಳೆಗಳ ನಡುವಿನ ಮೆತ್ತೆಯ ಮೇಲೆ ಬೀಳುವ ಒತ್ತಡ ಆ ಭಾರದ ಹಲವು ಪಟ್ಟು. ಹರೆಯದಲ್ಲಿ ನಡೆಯುತ್ತದೆ. ಮೂಳೆ ಸವೆದ ಮೇಲೆ ನಡೆಯುವುದಿಲ್ಲ.

ಎಲ್ಲರಿಗೂ ಹೊಳೆಯುವ ಉಪಾಯ ಕಸಬರಿಗೆಗೆ ಉದ್ದನೆಯ ಕೋಲು ಕಟ್ಟುವುದು. ಕಟ್ಟಿ ನೋಡಿದವರು ನಾಲ್ಕು ದಿನಕ್ಕೆ ಬಿಚ್ಚಿ ಎಸೆದಿರುತ್ತಾರೆ. ಗಿಡ್ಡ ಪೊರಕೆ ಕೆಲಸ ಮಾಡುವುದು ಅದು ನೆಲಕ್ಕೆ ಹೆಚ್ಚುಕಡಿಮೆ ಮಲಗಿದಾಗ. ಎಳೆಗಳ ಮಗ್ಗುಲು ನೆಲವನ್ನು ಸವರುತ್ತದೆ, ಧೂಳು ಜಾರುತ್ತ ಬರುತ್ತದೆ. ನೆಟ್ಟಗೆ ನಿಂತು ಹಿಡಿದರೆ ಕೋಲು 60–65 ಡಿಗ್ರಿಗೆ ಏಳುತ್ತದೆ, ಪೊರಕೆಯೂ ಅದರ ಜೊತೆ ಎದ್ದುಬಿಡುತ್ತದೆ. ಆಗ ಬರೀ ತುದಿ ನೆಲಕ್ಕೆ ತಾಗಿ, ಚಿಮ್ಮಿ, ಧೂಳನ್ನು ಮುಖಕ್ಕೆ ಎರಚುತ್ತದೆ. ಅಂದರೆ ಕೋಲಿಗೂ ಪೊರಕೆಗೂ ನಡುವೆ ಒಂದು ಮುರಿವು ಬೇಕು. ಆ ಮುರಿವು ಹಾರ್ಡ್‌ವೇರ್ ಅಂಗಡಿಯಲ್ಲಿ ಆಗಲೇ ಇದೆ: ನೀರಿನ ಪೈಪಿಗೆ ಹಾಕುವ 45 ಡಿಗ್ರಿಯ ಪಿವಿಸಿ ಎಲ್ಬೋ. ಒಂದಿಂಚಿನ ಪೈಪು, ಅದರ ಬುಡಕ್ಕೆ ಈ ಎಲ್ಬೋ, ಎಲ್ಬೋದ ಇನ್ನೊಂದು ಬಾಯಿಗೆ ಕಸಬರಿಗೆಯ ಹಿಡಿ ತುರುಕಿ ಕ್ಲಿಪ್ಪು ಬಿಗಿದರೆ, ಕೋಲು 65 ಡಿಗ್ರಿಯಲ್ಲಿದ್ದಾಗ ಪೊರಕೆ 20 ಡಿಗ್ರಿಗೆ ಮಲಗುತ್ತದೆ. ಪೊರಕೆ ಸವೆದರೆ ಕ್ಲಿಪ್ಪು ಸಡಿಲಿಸಿ ಸಂತೆಯಿಂದ ಹೊಸದು ತಂದು ಹಾಕಿಕೊಳ್ಳಬಹುದು.

ಇಲ್ಲಿಗೇ ಮುಗಿಯುವುದಿಲ್ಲ. ತಲೆ ಸೊಟ್ಟಗಾದ ಪೊರಕೆ ಕೈಯೊಳಗೆ ಗಿರಕಿ ಹೊಡೆಯುತ್ತದೆ, ಪ್ರತಿ ಎಳೆತಕ್ಕೂ ಹಿಡಿಯನ್ನು ತಿರುಚಿ ಹಿಡಿಯಬೇಕಾಗುತ್ತದೆ. ಸಂಧಿವಾತದ ಬೆರಳಿಗೆ ಅದೇ ಆಗದ ಕೆಲಸ. ಸೊಂಟದ ಮಟ್ಟದಲ್ಲಿ ಪೈಪಿನ ‘ಟೀ’ ಸೇರಿಸಿ ಅಡ್ಡಹಿಡಿ ಕೊಟ್ಟರೆ ತಿರುಚುವ ಬಲ ಬೆರಳಿನಿಂದ ಮುಂಗೈಗೆ ಸರಿಯುತ್ತದೆ. ಹಿಡಿಯ ಮೇಲೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಬೇಕು. ದಪ್ಪ, ಮೆತ್ತನೆಯ ಹಿಡಿಯ ಮಹಿಮೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಅಮೆರಿಕದ ಸ್ಯಾಮ್ ಫಾರ್ಬರ್, ಸಂಧಿವಾತದಿಂದ ಸಿಪ್ಪೆ ಹೆರೆಯಲಾಗದ ಹೆಂಡತಿ ಬೆಟ್ಸಿಯ ಕಷ್ಟ ನೋಡಿ, 1990ರಲ್ಲಿ ದಪ್ಪ ರಬ್ಬರ್ ಹಿಡಿಯ ಆಕ್ಸೊ ಸಲಕರಣೆಗಳನ್ನು ಮಾರುಕಟ್ಟೆಗೆ ತಂದ. ಕೈ ನೋವಿಲ್ಲದವರೂ ಅದನ್ನೇ ಕೊಂಡರು. ನಮ್ಮ ಉದ್ದ ಕಸಬರಿಗೆಗೂ ಅದೇ ಆಗಬೇಕು. ‘ಅಂಗವಿಕಲರ ಪೊರಕೆ’ ಎಂದು ಹೆಸರಿಟ್ಟರೆ ಯಾವ ಅತ್ತೆಯೂ ಅದನ್ನು ಅಂಗಳದಲ್ಲಿ ಹಿಡಿದು ನಿಲ್ಲುವುದಿಲ್ಲ. ಸೊಸೆಯೂ ಬಳಸುವಂತಿದ್ದರೆ ಹಿಡಿಯುತ್ತಾಳೆ.

ಗುಡಿಸುವುದಕ್ಕಿಂತ ಕಷ್ಟ ಗುಡ್ಡೆ ಮಾಡಿದ ಕಸ ಎತ್ತುವುದು. ನಿಂತು ಗುಡಿಸಿದರೂ ಕೊನೆಗೆ ಮೊರ ಹಿಡಿಯಲು ಬಗ್ಗಲೇಬೇಕು. ಹಿರಿಯರು ಮುಗ್ಗರಿಸುವುದೂ ಅಲ್ಲೇ, ತಲೆ ಕೆಳಗೆ ಮಾಡಿ ಥಟ್ಟನೆ ಎದ್ದಾಗ ಕಣ್ಣು ಕತ್ತಲಿಟ್ಟು. ಇದಕ್ಕೆ ಹದಿನೈದು ಕೆಜಿಯ ಎಣ್ಣೆ ಡಬ್ಬಿ ಒಳ್ಳೆಯದು. ಡಬ್ಬಿಯನ್ನು ಓರೆಯಾಗಿ ಕೊಯ್ದು ಅಂಚು ಮಡಚಿ, ಎರಡೂ ಮಗ್ಗುಲಿಗೆ ತೂತು ಕೊರೆದು, ಸೊಂಟದೆತ್ತರದ ಸರಳನ್ನು ಬಕೆಟ್ಟಿನ ಹಿಡಿಯಂತೆ ಸಿಕ್ಕಿಸಬೇಕು. ತೂತು ಎಲ್ಲಿ ಬೀಳುತ್ತದೆ ಎಂಬುದೇ ಇಲ್ಲಿಯ ಗುಟ್ಟು. ಡಬ್ಬಿಯ ಉದ್ದದ ನಟ್ಟನಡುವೆ ಕೊರೆದರೆ ಎತ್ತಿದಾಗ ಅದು ಅತ್ತಿತ್ತ ಓಲಾಡಿ ಕಸ ಚೆಲ್ಲುತ್ತದೆ. ಬಾಯಿಯ ಕಡೆಗೆ ಸ್ವಲ್ಪ ಸರಿಸಿ ಕೊರೆದರೆ ಹಿಂಭಾಗದ ಭಾರಕ್ಕೆ ಡಬ್ಬಿ ತಾನಾಗಿ ಹಿಂದಕ್ಕೆ ವಾಲಿ, ಬಾಯಿ ಮೇಲಕ್ಕೆ ಬಂದು, ಕಸ ಒಳಗೇ ಉಳಿಯುತ್ತದೆ. ದೊಡ್ಡ ಆಸ್ಪತ್ರೆ, ಏರ್‌ಪೋರ್ಟುಗಳಲ್ಲಿ ಗುಡಿಸುವವರ ಕೈಯಲ್ಲಿರುವ ನಿಲುವು ಮೊರದ ಲೆಕ್ಕವೂ ಇದೇ. ನಮ್ಮ ಬಂಡೆ ನೆಲ ಏರುಪೇರು, ತಗಡಿನ ಬಾಯಿಯಡಿ ಒಂದು ಗೆರೆ ಮಣ್ಣು ಉಳಿದುಬಿಡುತ್ತದೆ. ಬಾಯಿಗೆ ಲಾರಿ ಟ್ಯೂಬಿನ ಎರಡು ಬೆರಳಗಲದ ಪಟ್ಟಿ ರಿವಿಟ್ ಹೊಡೆದರೆ ಅದು ತಗ್ಗುದಿಣ್ಣೆಗೆ ಬಗ್ಗಿಕೊಳ್ಳುತ್ತದೆ.

ನೆಲ ಒರೆಸುವುದು ಬೇರೆಯೇ ಸಮಸ್ಯೆ. ಅಂಗಡಿಯಲ್ಲಿ ತಿರುಗುವ ಬಕೆಟ್ಟಿನ ಮಾಪು ಇದೆಯಲ್ಲ ಎನ್ನಬಹುದು. ಅದನ್ನು ಕಾಲಿನಿಂದ ಒತ್ತುವ ಮಾದರಿಗೆ ಒಂದೇ ಕಾಲಿನ ಮೇಲೆ ನಿಲ್ಲಬೇಕು, ಕೈಯಿಂದ ಒತ್ತುವ ಮಾದರಿಗೆ ಎರಡೂ ಕೈಯ ಬಲ ಬೇಕು. ಊರುಗೋಲು ಹಿಡಿದವರಿಗೆ ಎರಡೂ ಇಲ್ಲ. ಲಕ್ವ ಹೊಡೆದು ಒಂದು ಕೈ ಸೋತವರಿಗೆ ಬಟ್ಟೆ ಹಿಂಡುವುದೇ ಆಗದು. ತುಂಬಿದ ಬಕೆಟ್ಟು ಹದಿನೈದು ಲೀಟರಿನದಾದರೆ ನೀರಿನ ತೂಕವೇ ಹದಿನೈದು ಕೆಜಿ, ಅದನ್ನು ಹೊಸ್ತಿಲು ದಾಟಿಸಬೇಕು. ಇಲ್ಲಿ ಯಂತ್ರಕ್ಕಿಂತ ಕ್ರಮ ಬದಲಿಸುವುದು ಜಾಣತನ. ಅಗಲ ಹಲಗೆಯ ವೈಪರ್ ಇರಲಿ. ಅದಕ್ಕೆ ಸಿಕ್ಕಿಸುವಂಥ ನಾಲ್ಕಾರು ಬಟ್ಟೆಗಳನ್ನು, ಮನೆಗೆ ಯಾರಾದರೂ ಬಂದುಹೋಗುವ ಹೊತ್ತಿಗೆ, ಒದ್ದೆ ಮಾಡಿ ಹಿಂಡಿಸಿ ಡಬ್ಬಿಯಲ್ಲಿ ಮುಚ್ಚಿಡುವುದು. ಒಂದು ಕೋಣೆಗೆ ಒಂದು ಬಟ್ಟೆ. ಕೊಳೆಯಾದದ್ದನ್ನು ಕಾಲಿನಿಂದ ಬಿಡಿಸಿ ಬಚ್ಚಲಿಗೆ ತಳ್ಳುವುದು. ಬಕೆಟ್ಟಿಲ್ಲ, ಹಿಂಡುವುದಿಲ್ಲ. ನೀರು ಕಡಿಮೆಯಾದ್ದರಿಂದ ಜಾರುವ ಭಯವೂ ಕಡಿಮೆ. ಒದ್ದೆ ನೆಲ ತುಳಿಯಬಾರದೆಂದು ಹಿಂದಕ್ಕೆ ಹೆಜ್ಜೆ ಇಡುತ್ತ ಒರೆಸುವುದು ನಮ್ಮಲ್ಲಿ ರೂಢಿ. ಕೋಲು ಹಿಡಿದವರಿಗೆ ಅದರಷ್ಟು ಅಪಾಯದ ನಡಿಗೆ ಇನ್ನೊಂದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅವರಲ್ಲಿ 60 ದಾಟಿದವರೇ ಹೆಚ್ಚು.

ಒಂದೇ ಸಾಧನ ಎಲ್ಲರಿಗೂ ಹೊಂದುವುದಿಲ್ಲ. ಒಂದು ಕೈ ಊರುಗೋಲಿಗೆ ಹೋದವರಿಗೆ ಕಸಬರಿಗೆಯ ಕೋಲಿನ ಮೇಲ್ತುದಿಯಲ್ಲಿ ಮೊಣಕೈ ಹತ್ತಿರ ಕೂರುವ ಅರ್ಧ ಬಳೆ ಬೇಕು, ಆಗ ಒಂದೇ ಮುಂಗೈ ಅದನ್ನು ನಡೆಸುತ್ತದೆ. ಗಾಲಿಕುರ್ಚಿಯಲ್ಲೋ ಸ್ಟೂಲಿನ ಮೇಲೋ ಕುಳಿತು ಗುಡಿಸುವವರಿಗೆ ಮೂರಡಿ ಕೋಲು ಸಾಕು. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಕೈಗೆ ಏಣು, ತಿರುಪಿನ ತಲೆ, ತಗಡಿನ ಅಂಚು ಒಂದೂ ಇರಬಾರದು. ಗೊತ್ತಾಗದೆ ಬಿಗಿಯಾಗಿ ಹಿಡಿದು ಬೊಬ್ಬೆ ಏಳುತ್ತದೆ, ನೋವಿಲ್ಲದ್ದರಿಂದ ಅದು ಹುಣ್ಣಾದ ಮೇಲೆಯೇ ಕಣ್ಣಿಗೆ ಬೀಳುವುದು.

ಮಾಡುವವರು ಯಾರು? ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಇದಕ್ಕೆ ಬೇಕಾದ ಕೈಗಳಿವೆ. ಈಚಲು ಗರಿಯಲ್ಲಿ ಕಸಬರಿಗೆ ಕಟ್ಟುವ ಕೊರಚ, ಕೊರಮ ಕುಟುಂಬಗಳಿಗೆ ಯಾವ ಎಳೆ ಎಷ್ಟು ಬಾಳುತ್ತದೆ ಎಂಬುದು ಯಾವ ಪ್ರಾಧ್ಯಾಪಕರಿಗಿಂತಲೂ ಚೆನ್ನಾಗಿ ಗೊತ್ತು. ಕುಂಟೆ, ಕೂರಿಗೆ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿ ಹಗರಿಬೊಮ್ಮನಹಳ್ಳಿಯ ಬೀದಿಯಲ್ಲಿ ಹುಡುಕಬೇಕಾಗಿಲ್ಲ. ಹೂವಿನ ಹಡಗಲಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ದಶಕಗಳಿಂದ ಹಣ ಕೊಡುತ್ತ ಬಂದಿದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಸಾಧನದಿಂದ ಹಿಡಿದು ಹತ್ತಾರು ಉಪಕರಣಗಳನ್ನು ರೈತನ ಕಣ್ಣಿನಿಂದ ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಹೊಲಕ್ಕೆ ಆದದ್ದು ಒಳಮನೆಗೆ ಏಕಾಗಬಾರದು?

ದುಡ್ಡಿನ ದಾರಿಯೂ ಮುಚ್ಚಿಲ್ಲ. ನಾನು ಹೇಳಿದ ಕಸಬರಿಗೆ, ಮೊರ ಎರಡಕ್ಕೂ ಸಾಮಾನಿನ ಖರ್ಚು ಕೆಲವು ನೂರು ರೂಪಾಯಿ ದಾಟುವಂತೆ ಕಾಣುವುದಿಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಹಣದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸ್ವತಃ ಅಂಗವಿಕಲರಾದವರೇ ಈ ಕೆಲಸದಲ್ಲಿರುವುದರಿಂದ ಯಾರ ಮನೆಯಲ್ಲಿ ಏನು ಕಷ್ಟ ಎಂಬುದು ಅವರಿಗೆ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಮುಪ್ಪು ಆ 21ರಲ್ಲಿ ಇಲ್ಲ, ಹಾಗಾಗಿ ಕಾರ್ಡಿಲ್ಲದ ಅಜ್ಜಿಗೆ ಈ ಶೇ 5 ಸಿಗುವುದಿಲ್ಲ. ಅವಳಿಗೆ ವಯೋಶ್ರೀ ಪಟ್ಟಿಯೇ ಬದಲಾಗಬೇಕು. ಹರಪನಹಳ್ಳಿಯವರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಆಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಅರ್ಜಿಯ ಮೇಲಿನ ಜಿಲ್ಲೆಯ ಹೆಸರು ಬದಲಾದಷ್ಟು ಸಲೀಸಾಗಿ ಪಟ್ಟಿಯೊಳಗಿನ ಸಾಮಾನು ಬದಲಾಗುವುದಿಲ್ಲ ಎಂಬುದು ಅವರಿಗೆ ಹೊಸದಾಗಿ ಹೇಳಬೇಕಾದದ್ದೇನಲ್ಲ.

ಕಾಲೇಜಿನ ಹುಡುಗರು ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಪರೀಕ್ಷೆ ಮಾಡುವ ಬಗೆ ಹೀಗಿರಲಿ. ಸಾಧನವನ್ನು ನಾಲ್ಕು ಬೇರೆ ಬೇರೆ ಮನೆಗಳಲ್ಲಿ ಕೊಟ್ಟು, ಅದನ್ನು ನೇತುಹಾಕಲು ಸೊಂಟದ ಎತ್ತರಕ್ಕೆ ಒಂದು ಮೊಳೆ ಹೊಡೆದು ಬನ್ನಿ. ಮೂಲೆಯಲ್ಲಿ ಒರಗಿಸಿಟ್ಟರೆ ಜಾರಿ ಬೀಳುತ್ತದೆ, ಬಿದ್ದದ್ದನ್ನು ಎತ್ತಲು ಮತ್ತೆ ಬಗ್ಗಬೇಕು. ತಿಂಗಳು ಕಳೆದು ಹೋದಾಗ ಹೇಗಿದೆ ಎಂದು ಅಜ್ಜಿಯನ್ನು ಕೇಳಬೇಡಿ. ಊರಿಂದ ಬಂದ ಹುಡುಗರ ಮನಸ್ಸು ನೋಯಿಸುವುದೇಕೆಂದು “ಚಲೋ ಐತಪ್ಪ” ಅಂದು ಚಹಾ ಕೊಟ್ಟು ಕಳಿಸುತ್ತಾಳೆ. ಕಸಬರಿಗೆಯ ತುದಿ ನೋಡಿ. ಎಳೆಗಳು ಅಗಲಕ್ಕೂ ಸಮನಾಗಿ ಸವೆದಿದ್ದರೆ ಕೋನ ಸರಿಯಿದೆ. ಒಂದೇ ಮೂಲೆ ಸವೆದಿದ್ದರೆ ಅಡ್ಡಹಿಡಿ ತಿರುಗಿ ಕೂತಿದೆ, ಬಿಚ್ಚಿ ಸರಿಪಡಿಸಿ. ತುದಿ ಮಾತ್ರ ಮುರಿದಿದ್ದರೆ ಕೋಲು ಅವಳ ಎತ್ತರಕ್ಕೆ ಹೊಂದಿಲ್ಲ, ಅಳತೆ ಸರಿಪಡಿಸಿ. ತಂದಾಗ ಹೇಗಿತ್ತೋ ಹಾಗೇ ಇದ್ದು, ಪಕ್ಕದಲ್ಲಿ ಹಳೆಯ ಗಿಡ್ಡ ಪೊರಕೆ ಹೊಸದಾಗಿ ಸವೆದಿದ್ದರೆ ಚಹಾ ಕುಡಿದು, ಆ ಗಿಡ್ಡ ಪೊರಕೆಯಲ್ಲಿ ಅವಳು ಗುಡಿಸುವುದನ್ನು ಕೂತು ನೋಡಿ.